ಏಕದಿನ ಲಿಸ್ಬನ್ ದರ್ಶನ ಮೀಮಾಂಸೆ

ಲಕ್ಷಣ ವಿಚಾರ

ಯಾವುದರ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೋ ಅದು ಪ್ರೇಕ್ಷಣೀಯ ಸ್ಥಳ. ಈ ಲಕ್ಷಣವನ್ನು ಒಪ್ಪದವರು ಶಾಸ್ತ್ರದ ಗೊಡವೆ ಬಿಟ್ಟು ನೇರವಾಗಿ ಟ್ಯಾಕ್ಸಿ ಹಿಡಿಯಬಹುದು. ಒಪ್ಪುವವರಿಗಾಗಿ ಮುಂದಿನ ಮಾತು.

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನಮ್ಮ ನೈಯಾಯಿಕರು ಅನುಮಾನ ಪ್ರಮಾಣದಿಂದ ತಿಳಿದರು. ಅದೇ ಪ್ರಮಾಣದ ಬಲದಿಂದ, ಸಾಲು ಕಂಡಲ್ಲಿ ಪ್ರೇಕ್ಷಣೀಯತೆಯಿದೆ ಎಂದು ಪ್ರವಾಸಿ ತಿಳಿಯುತ್ತಾನೆ. ಸಾಲು ಹೇತು, ಪ್ರೇಕ್ಷಣೀಯತೆ ಸಾಧ್ಯ, ಲಿಸ್ಬನ್ನಿನ ಬೆಲೆಂ ಬಡಾವಣೆಯ ಜೆರೊನಿಮೋಸ್ ಮಠ ದೃಷ್ಟಾಂತ. ಇಲ್ಲಿ ಪೂರ್ವಪಕ್ಷಿಗಳು ತಕರಾರು ತೆಗೆಯುತ್ತಾರೆ: ಅದೇ ಬೆಲೆಂನ ಉದ್ಯಾನದ ಪಕ್ಕ ಒಂದು ಉದ್ದನೆಯ ಸಾಲು ಕಂಡು, ಏನೋ ಮಹತ್ವದ್ದಿರಬೇಕೆಂದು ಇಪ್ಪತ್ತು ನಿಮಿಷ ನಿಂತ ದಂಪತಿಗೆ ಕೊನೆಯಲ್ಲಿ ದರ್ಶನವಾದದ್ದು ಶೌಚಾಲಯದ್ದು, ಆದ್ದರಿಂದ ಹೇತುವಿಗೆ ವ್ಯಭಿಚಾರ ದೋಷ ಬಂತು. ಸಿದ್ಧಾಂತಿಯ ಸಮಾಧಾನ ಹೀಗಿದೆ: ಶೌಚಾಲಯದಿಂದ ಹೊರಬಂದಾಗ ಆ ದಂಪತಿಯ ಮುಖದಲ್ಲಿ ಮೂಡಿದ ಧನ್ಯತೆ ಮಠದಿಂದ ಹೊರಬಂದಾಗ ಮೂಡಲಿಲ್ಲ. ಆದ್ದರಿಂದ ಲಕ್ಷಣಕ್ಕೆ ಭಂಗವಿಲ್ಲ.

ಪ್ರಸ್ತುತ ಸಂಪ್ರಬಂಧದ ವ್ಯಾಪ್ತಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ನಗರಕ್ಕೆ ಸೀಮಿತ. ಕಾಲಮಿತಿ: ಹೋಟೆಲಿನ ಉಚಿತ ಉಪಾಹಾರ ಮುಗಿದ ಗಳಿಗೆಯಿಂದ ಕಾಲು ಕೈಕೊಡುವ ಗಳಿಗೆಯವರೆಗೆ. ಅಧ್ಯಯನ ವಿಧಾನ: ಸಹಭಾಗಿ ಅವಲೋಕನ, ಎಂದರೆ ಸಂಶೋಧಕ ತಾನೂ ಸಾಲಿನಲ್ಲಿ ನಿಲ್ಲುವುದು. ಮುಖ್ಯ ವಕ್ತೃಗಳು: ಶಿರಸಿ ತಾಲೂಕಿನ ಅಡಿಕೆ ತೋಟಿಗ ದಂಪತಿ, ಮ್ಯೂನಿಕ್‌ನಲ್ಲಿ ನೌಕರಿಯಲ್ಲಿರುವ ಅವರ ಮಗಳು, ಮತ್ತು ಅಳಿಯ. ಸಂಶೋಧನೆಯ ಶಿಸ್ತಿಗಾಗಿ ಹೆಸರುಗಳನ್ನು ಕೈಬಿಟ್ಟು, ಮಗಳು ಕರೆಯುವಂತೆ ಅಪ್ಪಯ್ಯ, ಆಯಿ ಎಂದಷ್ಟೇ ಉಲ್ಲೇಖಿಸಲಾಗಿದೆ. ಅಳಿಯನನ್ನು ಅಳಿಯ ಎಂದೇ ಕರೆಯಲಾಗಿದೆ; ಆ ದಿನ ಅವನಿಗೆ ಬೇರೆ ಅಸ್ತಿತ್ವ ಇರಲಿಲ್ಲ. ದಿನವನ್ನೆಲ್ಲ ಹದಿನೈದು ನಿಮಿಷದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಬಣ್ಣ ಬಳಿದ ಎಕ್ಸೆಲ್ ಹಾಳೆ ಅವನ ಮೊಬೈಲಿನಲ್ಲಿತ್ತು. ಅದನ್ನು ಇನ್ನುಮುಂದೆ ಮೂಲಗ್ರಂಥ ಎಂದು ಕರೆಯಲಾಗುವುದು.

ಆರೋಹಣ ಪ್ರಕರಣ

ಲಿಸ್ಬನ್ ಏಳು ಬೆಟ್ಟಗಳ ಊರೆಂದು ಪ್ರತೀತಿ. ಈ ಸಂಖ್ಯೆಯ ಬಗ್ಗೆ ಭೂಗೋಳಶಾಸ್ತ್ರಕ್ಕೂ ಪ್ರವಾಸಿಯ ಮೊಣಕಾಲಿಗೂ ಒಮ್ಮತವಿಲ್ಲ. ಮೊಣಕಾಲಿನ ಲೆಕ್ಕ ಯಾವಾಗಲೂ ಹೆಚ್ಚು. ಏಳು ಬೆಟ್ಟ ಎಂಬುದು ಕಿವಿಗೆ ಬಿದ್ದದ್ದೇ ತಡ ಆಯಿ, "ಹಾಗಾದ್ರೆ ತಿರುಪತಿ ಇದ್ದ ಹಾಗೇ ಆಯ್ತು" ಎಂದು ಚಪ್ಪಲಿ ಬಿಡಲು ಜಾಗ ಹುಡುಕಿದರು.

ಬೆಟ್ಟ ಏರಲು 28ನೇ ನಂಬರಿನ ಟ್ರಾಮ್ ಇದೆ. 1930ರ ದಶಕದ ಹಳದಿ ಡಬ್ಬಿ, ಒಳಗೆಲ್ಲ ಮರದ ಕೆಲಸ. ಮಾರ್ಟಿಂ ಮೊನಿಜ್ ಚೌಕದಲ್ಲಿ ಹೊರಟು ಗ್ರಾಸಾ, ಅಲ್ಫಾಮಾ, ಬೈಶಾ, ಶಿಯಾದೊ ದಾಟಿ ಊರಿನ ಪಶ್ಚಿಮದ ಪ್ರಜೆರೆಸ್‌ವರೆಗೆ ಹೋಗುತ್ತದೆ. ಅಲ್ಫಾಮಾದ ಓಣಿಗಳಲ್ಲಿ ಗೋಡೆ ಎಷ್ಟು ಹತ್ತಿರ ಬರುತ್ತದೆಂದರೆ, ಮನೆಯೆದುರು ಒಣಹಾಕಿದ ಅಂಗಿಯ ಗುಂಡಿ ಎಣಿಸಬಹುದು. ಎಣಿಸುವುದಕ್ಕೆ ಕಿಟಕಿ ಸಿಗಬೇಕು. ನಿಂತ ಪ್ರವಾಸಿಗೆ ಕಾಣುವುದು ಎದುರು ನಿಂತ ಪ್ರವಾಸಿಯ ಬೆನ್ನುಚೀಲ. ಟ್ರಾಮಿನಲ್ಲಿ ಕೂತು ಲಿಸ್ಬನ್ ನೋಡಿದವರಿಗಿಂತ, ಲಿಸ್ಬನ್ನಿನ ಬೀದಿಯಲ್ಲಿ ನಿಂತು ಟ್ರಾಮನ್ನು ನೋಡಿದವರ ಅನುಭವ ಹೆಚ್ಚು ಸಂಪನ್ನವಾಗಿರುವುದು ಈ ಕಾರಣಕ್ಕೆ.

ಜೇಬುಗಳ್ಳರಿದ್ದಾರೆ ಎಂಬ ಎಚ್ಚರಿಕೆ ಟ್ರಾಮಿನೊಳಗೇ ಇದೆ. ಅಪ್ಪಯ್ಯ ನಿಶ್ಚಿಂತರಾಗಿದ್ದರು. ಬನಿಯನ್ನಿನ ಒಳಮೈಗೆ ಶಿರಸಿಯ ದರ್ಜಿ ಹೊಲಿದುಕೊಟ್ಟ ಕಿಸೆ, ಕಿಸೆಗೊಂದು ಗುಂಡಿ, ಗುಂಡಿಯ ಮೇಲೊಂದು ಸೇಫ್ಟಿ ಪಿನ್ನು. ಈ ಭದ್ರತೆಯನ್ನು ಭೇದಿಸುವುದು ಯುರೋಪಿನ ಯಾವ ಕಳ್ಳನಿಂದಲೂ ಆಗಲಿಲ್ಲ. ದಿನವಿಡೀ ಅಪ್ಪಯ್ಯನಿಂದಲೂ ಆಗಲಿಲ್ಲವಾದ್ದರಿಂದ ಟಿಕೆಟಿನ ಹಣವನ್ನೆಲ್ಲ ಅಳಿಯನೇ ಕೊಟ್ಟ.

ಬೆಟ್ಟದ ನೆತ್ತಿಯಲ್ಲಿ ಸಂತ ಜಾರ್ಜನ ಕೋಟೆ. 1147ರಲ್ಲಿ ದೊರೆ ಅಫೊನ್ಸೊ ಹೆನ್ರಿಕೆಸ್ ಇದನ್ನು ಮೂರ್ ಮುಸ್ಲಿಮರಿಂದ ಗೆದ್ದುಕೊಂಡ. ಗೆದ್ದದ್ದು ಒಬ್ಬನೇ ಅಲ್ಲ. ಉತ್ತರ ಯುರೋಪಿನಿಂದ ಜೆರುಸಲೇಮಿನ ಧರ್ಮಯುದ್ಧಕ್ಕೆ ಹಡಗು ಹತ್ತಿದ್ದ ಸೈನಿಕರನ್ನು ಆತ ದಾರಿಯಲ್ಲೇ ಒಪ್ಪಿಸಿ ಇಳಿಸಿಕೊಂಡಿದ್ದ. ಅವರು ಸುಮಾರು ನಾಲ್ಕು ತಿಂಗಳು ಇಲ್ಲೇ ಮುತ್ತಿಗೆಯಲ್ಲಿ ಕಳೆದರು. ಲಿಸ್ಬನ್ನಿನ ಸ್ಟಾಪ್‌ಓವರ್ ಪರಂಪರೆಗೆ ಇದಕ್ಕಿಂತ ಹಳೆಯ ಆಕರ ಬೇಕಿಲ್ಲ. ಆ ತಂಡದ ಗಿಲ್ಬರ್ಟ್ ಎಂಬ ಇಂಗ್ಲಿಷ್ ಪಾದ್ರಿ ಜೆರುಸಲೇಮಿನ ಆಸೆ ಬಿಟ್ಟು ಇಲ್ಲಿಯ ಬಿಷಪ್ ಆಗಿ ನಿಂತುಬಿಟ್ಟ. ಬಹುಶಃ ಕೆಳಗಿಳಿಯುವ ದಾರಿ ನೋಡಿ ಆ ನಿರ್ಧಾರಕ್ಕೆ ಬಂದಿರಬೇಕು.

ಇಳಿಯುವ ದಾರಿ ಎಂದಾಗ ನೆಲದ ಬಗ್ಗೆ ಎರಡು ಮಾತು ಹೇಳಬೇಕು. ಊರಿನ ಕಾಲುದಾರಿಗಳಿಗೆಲ್ಲ ಬಿಳಿ ಸುಣ್ಣಕಲ್ಲು, ಕರಿ ಬಸಾಲ್ಟಿನ ಚಿಕ್ಕ ಚಿಕ್ಕ ತುಂಡುಗಳನ್ನು ಒಂದೊಂದಾಗಿ ಕೈಯಲ್ಲೇ ಕೂರಿಸಿದ್ದಾರೆ. ಸವೆದು ನುಣುಪಾಗಿವೆ, ಒಂದು ಹನಿ ಮಳೆ ಬಿದ್ದರೆ ಸಾಕು, ಪ್ರವಾಸಿ ತಾನು ನೋಡಬೇಕೆಂದಿದ್ದ ಸ್ಥಳಕ್ಕೆ ಬೇಗ ತಲುಪುತ್ತಾನೆ, ಆದರೆ ಕೂತುಕೊಂಡು. ರೊಸ್ಸಿಯೊ ಚೌಕದಲ್ಲಿ 19ನೇ ಶತಮಾನದ ನಡುವಿನಲ್ಲಿ ಹಾಸಿದ ಕಪ್ಪು ಬಿಳಿ ಅಲೆಗಳಿವೆ. ಮಟ್ಟಸವಾದ ನೆಲ ಅಲ್ಲಿ ಏರಿಳಿದಂತೆ ಕಾಣುತ್ತದೆ. ಏರಿಳಿಯುವ ಬೀದಿಗಳನ್ನು ಮಟ್ಟಸವಾಗಿ ಕಾಣಿಸುವ ಕಲೆಯನ್ನು ಮಾತ್ರ ಆ ಕುಶಲಕರ್ಮಿಗಳು ಕಂಡುಹಿಡಿಯಲಿಲ್ಲ.

ಸಾಂತಾ ಜುಸ್ತಾ ಲಿಫ್ಟಿನ ವಿಷಯದಲ್ಲಿ ಎರಡು ಸಂಪ್ರದಾಯಗಳಿವೆ. 1902ರಲ್ಲಿ ಶುರುವಾದ ಈ 45 ಮೀಟರ್ ಎತ್ತರದ ಕಬ್ಬಿಣದ ಗೋಪುರ ಕೆಳಗಿನ ಪೇಟೆಯಿಂದ ಮೇಲಿನ ಕಾರ್ಮೊ ಚೌಕಕ್ಕೆ ಜನರನ್ನು ಎತ್ತುತ್ತದೆ. ಒಂದು ಸಂಪ್ರದಾಯದವರು ಕೆಳಗೆ ಸಾಲಿನಲ್ಲಿ ನಿಂತು ತಪಸ್ಸು ಮಾಡುತ್ತಾರೆ. ಇನ್ನೊಂದು ಸಂಪ್ರದಾಯದವರು ಹಿಂದಿನ ಬೀದಿಯಿಂದ ನಡೆದು ಕಾರ್ಮೊ ಚೌಕ ಸೇರಿ, ಲಿಫ್ಟಿನ ಮೇಲ್ಗಡೆಯ ಸೇತುವೆಯಲ್ಲಿ ನಿಂತು, ಕೆಳಗಿನ ಸಾಲನ್ನು ನೋಡುತ್ತಾರೆ. ನಮ್ಮ ಲಕ್ಷಣದ ಪ್ರಕಾರ ಸಾಲೇ ಪ್ರೇಕ್ಷಣೀಯತೆಯ ಗುರುತಾದ್ದರಿಂದ, ಸಾಲಿನ ಪೂರ್ಣ ದರ್ಶನ ಪಡೆದ ಎರಡನೆಯವರದ್ದೇ ಶ್ರೇಷ್ಠ ಮಾರ್ಗ.

ಫಲಶ್ರುತಿ ಪ್ರಕರಣ

ಏಕದಿನ ಪ್ರವಾಸದಿಂದ ಫಲವೇನು ಎಂದು ಕೇಳುವವರಿಗೆ 1755ರ ನವೆಂಬರ್ 1ನ್ನು ತೋರಿಸಬೇಕು. ಶನಿವಾರ, ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಚರ್ಚುಗಳು ತುಂಬಿದ್ದವು, ದೀಪಗಳು ಉರಿಯುತ್ತಿದ್ದವು. ಭೂಮಿ ನಡುಗಿತು. ಬಯಲಿದೆಯೆಂದು ನದೀದಡಕ್ಕೆ ಓಡಿದವರ ಮೇಲೆ ಸಮುದ್ರ ಬಂತು. ಉರುಳಿದ ದೀಪಗಳಿಂದ ಹತ್ತಿಕೊಂಡ ಬೆಂಕಿ ದಿನಗಟ್ಟಲೆ ಆರಲಿಲ್ಲ. ಅರಮನೆ, ಅದರ ಗ್ರಂಥಾಲಯ, ಅದೇ ವರ್ಷ ತೆರೆದಿದ್ದ ಒಪೆರಾ ಮಂದಿರ, ಯಾವುದೂ ಉಳಿಯಲಿಲ್ಲ. ಸತ್ತವರು ಹತ್ತಾರು ಸಾವಿರ. ಇಲ್ಲಿ ಅಣಕಕ್ಕೆ ಜಾಗವಿಲ್ಲ.

ದೊರೆ ಮೊದಲನೇ ಜೊಸೆ ಮತ್ತು ಅವನ ಸಂಸಾರ ಬದುಕಿದರು. ಕಾರಣ, ಹಬ್ಬದ ದಿನ ಊರಾಚೆ ಎಲ್ಲಾದರೂ ಹೋಗೋಣವೆಂದು ಹೆಣ್ಣುಮಕ್ಕಳು ಹಟ ಹಿಡಿದದ್ದು. ಮುಂಜಾನೆಯ ಪೂಜೆ ಮುಗಿಸಿ ಅವರೆಲ್ಲ ಬೆಲೆಂ ಕಡೆಗೆ ಹೋಗಿದ್ದರು. ಮಕ್ಕಳು ಹೊರಗೆ ಹೋಗೋಣ ಎಂದಾಗ ಕೆಲಸವಿದೆಯೆಂದು ತಳ್ಳಿಹಾಕುವ ತಂದೆಯರ ವಿರುದ್ಧ ಚರಿತ್ರೆಯಲ್ಲಿ ಇದಕ್ಕಿಂತ ಬಲವಾದ ಪುರಾವೆ ಇಲ್ಲ. ಆದರೆ ದೊರೆಯ ಮೇಲೆ ಅಡ್ಡಪರಿಣಾಮವೂ ಆಯಿತು. ಕಲ್ಲುಗೋಡೆಯ ಕೆಳಗೆ ಮಲಗಲು ಆತ ಮತ್ತೆ ಒಪ್ಪಲೇ ಇಲ್ಲ. 1777ರಲ್ಲಿ ಸಾಯುವವರೆಗೂ ಅಜುದಾ ದಿಬ್ಬದ ಮೇಲೆ ಡೇರೆ, ಮರದ ಮನೆಗಳಲ್ಲೇ ಆಸ್ಥಾನ ನಡೆಸಿದ. ಒಂದು ದಿನಕ್ಕೆಂದು ಹೊರಟ ಪ್ರವಾಸ 22 ವರ್ಷದ ಕ್ಯಾಂಪಿಂಗ್ ಆಗಿ ಪರಿಣಮಿಸಿದ ಅಪರೂಪದ ನಿದರ್ಶನ ಇದು.

ಊರು ಮತ್ತೆ ಎದ್ದದ್ದು ಮಂತ್ರಿ ಪೊಂಬಾಲನ ಛಲದಿಂದ. ಇವತ್ತು ಬೈಶಾ ಪೇಟೆಯಲ್ಲಿ ಗೆರೆ ಎಳೆದಂತಿರುವ ಬೀದಿಗಳು ಅವನ ಕಾಲದವು. ಗೋಡೆಗಳ ಒಳಗೆ ಮರದ ಪಂಜರ ಕೂರಿಸಿ, ನಡುಕ ಬಂದರೆ ಬಾಗಿ ನಿಲ್ಲುವಂತೆ ಎಂಜಿನಿಯರುಗಳು ಕಟ್ಟಿದರು. ಮಾದರಿ ಮನೆಯ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ನೆಲ ಅದುರಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ನಮ್ಮ ಸಂಶೋಧನಾ ಲೋಕ ಪೊಂಬಾಲನಿಗೆ ಋಣಿಯಾಗಿರಬೇಕಾದ್ದು ಬೇರೆ ಕಾರಣಕ್ಕೆ. ನಡುಕ ಎಷ್ಟು ಹೊತ್ತು ಇತ್ತು, ಎಷ್ಟು ಮನೆ ಬಿದ್ದವು, ಸಮುದ್ರ ಏರಿತೋ ಇಳಿಯಿತೋ, ನೆಲ ಬಿರಿಯಿತೋ ಎಂದು ಆತ ದೇಶದ ಪಾದ್ರಿಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡ. ಭೂಕಂಪ ವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಇದನ್ನು ಎಣಿಸುತ್ತಾರೆ. ಪ್ರಶ್ನಾವಳಿ ಹಂಚಿದರೆ ಉತ್ತರ ಬರುತ್ತದೆ ಎಂಬುದು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ನಂಬಲಾಗದ ಸಂಗತಿಯಾದರೂ, ಆ ಉತ್ತರಗಳು ಲಿಸ್ಬನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇವತ್ತಿಗೂ ಇವೆ. ಅದೇ ಕ್ರಮದಲ್ಲಿ ಪ್ರಸ್ತುತ ಸಂಶೋಧಕ ಅಪ್ಪಯ್ಯನ ಮೊಣಕಾಲಿನ ಬಗ್ಗೆ ಪ್ರಶ್ನೆ ಕೇಳಿದ. ನಡುಕ ಎಷ್ಟು ಹೊತ್ತು? "ಕೋಟೆಯಿಂದ ಇಳಿದಾಗಿಂದ." ಬಿರುಕು? "ಎಡಗಾಲಲ್ಲಿ." ನೀರು? "ಆಯಿಯ ಚೀಲದಲ್ಲಿದೆ, ಕೊಡಿ."

ಆ ಭೂಕಂಪದಲ್ಲಿ ಕುಸಿದ ಕಾರ್ಮೊ ಮಠದ ಚಾವಣಿಯನ್ನು ಮತ್ತೆ ಮುಚ್ಚಲಿಲ್ಲ. ಕಮಾನುಗಳು ಮಾತ್ರ ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿವೆ. ಒಳಗೊಂದು ಪುರಾತತ್ವ ಸಂಗ್ರಹಾಲಯ, ಅದರಲ್ಲಿ ಪೆರು ದೇಶದ ಮಮ್ಮಿಗಳು. ಅದರೆದುರಿನ ಚೌಕದಲ್ಲಿ 1974ರ ಏಪ್ರಿಲ್ 25ರಂದು ಸೈನ್ಯದ ಗಾಡಿಗಳು ಬಂದು ನಿಂತವು. ಪಕ್ಕದ ಠಾಣೆಯಲ್ಲಿ ಅಡಗಿದ್ದ ಪ್ರಧಾನಿ ಮಾರ್ಸೆಲೊ ಕೈತಾನೊ ಸಂಜೆಯೊಳಗೆ ಶರಣಾದ. ನಾಲ್ಕು ದಶಕದ ಸರ್ವಾಧಿಕಾರ ಒಂದೇ ದಿನದಲ್ಲಿ ಮುಗಿದ ಜಾಗ. ಮೂಲಗ್ರಂಥ ಇದಕ್ಕೆ ಕೊಟ್ಟದ್ದು ಒಂದು ಹಸಿರು ಚೌಕ, ಫೋಟೊ ಸೇರಿ.

ಬಹುದೇಹ ಪ್ರಕರಣ

ಕಾಲ ಕಡಿಮೆ, ಸ್ಥಳ ಹೆಚ್ಚು ಎಂಬ ಏಕದಿನ ಪ್ರವಾಸದ ಮೂಲ ತೊಡಕಿಗೆ ಪರಿಹಾರ ಸೂಚಿಸಿದವನು ಇದೇ ಊರಿನ ಕವಿ ಫೆರ್ನಾಂದೊ ಪೆಸೊವಾ. ಆತ ಹುಟ್ಟಿದ್ದು 1888ರಲ್ಲಿ, ಇಲ್ಲೇ. ಬಾಲ್ಯದ ಕೆಲ ವರ್ಷ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಕಳೆದು, 1905ರಲ್ಲಿ ಮರಳಿದ ಮೇಲೆ ಊರು ಬಿಟ್ಟು ಕದಲಿದ್ದು ಬಲು ಅಪರೂಪ. ಆಲ್ಬೆರ್ತೊ ಕೈರೊ, ರಿಕಾರ್ದೊ ರೈಸ್, ಆಲ್ವರೊ ದ ಕಾಂಪೊಸ್ ಎಂದು ತಾನೇ ಹಲವರಾದ. ಒಬ್ಬೊಬ್ಬರಿಗೂ ಬೇರೆ ಜಾತಕ, ಬೇರೆ ಶೈಲಿ, ಬೇರೆ ಅಭಿಪ್ರಾಯ. ಈ ತತ್ವವನ್ನು ಪ್ರವಾಸಕ್ಕೆ ಅನ್ವಯಿಸಿದರೆ ಒಬ್ಬ ಕೋಟೆಗೆ, ಒಬ್ಬ ಬೆಲೆಂಗೆ, ಒಬ್ಬ ಊಟದ ಸಾಲಿಗೆ ಹೋಗಿ, ರಾತ್ರಿ ಎಲ್ಲರೂ ಒಂದೇ ಮೈಯಲ್ಲಿ ಸೇರಿ ಮಲಗಬಹುದು. ಟಿಕೆಟ್ ಎಷ್ಟು ಕೊಳ್ಳಬೇಕು ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ.

ಪೆಸೊವಾ ಲಿಸ್ಬನ್ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರವಾಸಿ ಕೈಪಿಡಿಯನ್ನೂ ಬರೆದಿಟ್ಟ. ಪ್ರವಾಸಿ ಹಡಗಿನಲ್ಲಿ ಬಂದಿಳಿಯುತ್ತಾನೆ, ಲೇಖಕ ಅವನನ್ನು ಮೋಟಾರಿನಲ್ಲಿ ಕೂರಿಸಿ ಊರು ಸುತ್ತಿಸುತ್ತಾನೆ. ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಇಪ್ಪತ್ತನೇ ಶತಮಾನದ ಮಹಾಕವಿಗಳಲ್ಲೊಬ್ಬ ಬರೆದದ್ದೆಂದು ಯಾರೂ ಸಂಶಯಪಡುವಂತಿಲ್ಲ. ಅದು ಅಚ್ಚಾದದ್ದು 1992ರಲ್ಲಿ, ಆತ ಸತ್ತು 57 ವರ್ಷಗಳ ಮೇಲೆ. ಶಿಯಾದೊದ ಬ್ರಾಸಿಲೈರಾ ಕಾಫಿ ಅಂಗಡಿಯ ಹೊರಗೆ ಅವನ ಕಂಚಿನ ಪ್ರತಿಮೆ ಮೇಜಿನ ಮುಂದೆ ಕೂತಿದೆ, ಪಕ್ಕದಲ್ಲೊಂದು ಖಾಲಿ ಕಂಚಿನ ಕುರ್ಚಿ. ಆ ಕುರ್ಚಿಗೂ ಸಾಲು ಇತ್ತು. ಆಯಿ ಕೂತರು, ಫೋಟೊ ಆಯಿತು. "ಯಾರು ಇವ್ರು?" ಎಂದು ಎದ್ದ ಮೇಲೆ ಕೇಳಿದರು. ಮಗಳು ಹೇಳಿದಳು. "ಪಾಪ, ಒಬ್ರೇ ಕೂತಿದ್ರು" ಎಂದರು ಆಯಿ. ಪೆಸೊವಾ ವಿಮರ್ಶೆಯ ರಾಶಿಯಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದ್ದು ಪ್ರಸ್ತುತ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ.

ಸೋಮವಾರ ಪ್ರಕರಣ

ಮುಚ್ಚಿರುತ್ತದೆ.

ಮೆಣಸಿನ ಪ್ರಕರಣ

15ನೇ ನಂಬರಿನ ಟ್ರಾಮ್ ನದಿಯ ಗುಂಟ ಬೆಲೆಂಗೆ ಹೋಗುತ್ತದೆ. ಇದು ಹೊಸ ಕಾಲದ್ದು, ಅಗಲವಾದದ್ದು. ಆದ್ದರಿಂದ ಶಾಸ್ತ್ರಜ್ಞರು ಇದನ್ನು ಗಣನೆಗೆ ತೆಗೆದುಕೊಂಡಿಲ್ಲ. ಬೆಲೆಂನಲ್ಲಿ ಇಳಿದರೆ ಎದುರಿಗೇ ಜೆರೊನಿಮೋಸ್ ಮಠ. ದೊರೆ ಮನುವೆಲ್ 16ನೇ ಶತಮಾನದ ಆರಂಭದಲ್ಲಿ ಕಟ್ಟಿಸಲು ತೊಡಗಿದ್ದು ಮುಗಿಯಲು ಸುಮಾರು ನೂರು ವರ್ಷ ಬೇಕಾಯಿತು. ಬೆಣ್ಣೆಬಣ್ಣದ ಸುಣ್ಣಕಲ್ಲಿನಲ್ಲಿ ಹಗ್ಗದ ಗಂಟುಗಳು, ಹವಳ, ಎಲೆಬಳ್ಳಿ, ನಾವಿಕರ ಗೋಲಯಂತ್ರ, ಯಾವುದುಂಟು ಯಾವುದಿಲ್ಲ. ಎರಡಂತಸ್ತಿನ ಒಳಾಂಗಣದಲ್ಲಿ ಒಂದು ಕಂಬ ಇನ್ನೊಂದರ ಹಾಗಿಲ್ಲ. ಚರ್ಚಿನ ಗರ್ಭಭಾಗದಲ್ಲಿ ರಾಜರ ಶವಪೆಟ್ಟಿಗೆಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. "ಇಲ್ಲಿಗೆ ಬಂದ್ರೂ ಹೊರೋದು ಇವೇಯಾ" ಎಂದು ಆಯಿ ಒಂದರ ಸೊಂಡಿಲ ಕಡೆ ನೋಡಿ ಲೊಚಗುಟ್ಟಿದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಶೇ 5ರ ತೆರಿಗೆ ಹಾಕಿದರು. ಅದನ್ನು ಇವತ್ತಿಗೂ ಮೆಣಸಿನ ತೆರಿಗೆಯೆಂದೇ ಕರೆಯುತ್ತಾರೆ. ಅಳಿಯ ಇದನ್ನು ಮೊಬೈಲಿನಲ್ಲಿ ಓದಿ ಹೇಳಿದ. ಅಲ್ಲಿಯವರೆಗೆ ಮೊಣಕಾಲು ನೀವಿಕೊಳ್ಳುತ್ತಿದ್ದ ಅಪ್ಪಯ್ಯ ಎದ್ದು ನಿಂತರು. ಅವರ ಪ್ರತಿಯೊಂದು ಅಡಿಕೆ ಮರಕ್ಕೂ ಒಂದು ಮೆಣಸಿನ ಬಳ್ಳಿ ಹಬ್ಬಿದೆ. ಸೊರಗು ರೋಗ ಬಿಟ್ಟ ವರ್ಷ ಬೆಳೆಯೂ ಇದೆ.

"ಯಾವ ಮೆಣಸು?"

"ಕಾಳುಮೆಣಸು."

"ನಮ್ಮ ಬದಿಯದ್ದೇ?"

ಈ ಪ್ರಶ್ನೆಗೆ ಸಂಪ್ರಬಂಧ ಸಾವಕಾಶವಾಗಿ ಉತ್ತರಿಸಬೇಕು. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೊ ಡ ಗಾಮ, ಮರಳುವ ಮುಂಚೆ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ ಹಡಗು ದುರಸ್ತಿ ಮಾಡಿಸಿಕೊಂಡ. 1502ರಲ್ಲಿ ಮತ್ತೆ ಬಂದಾಗ ಭಟ್ಕಳದವರ ಮೇಲೆ ಕಪ್ಪ ಹೇರಿದ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಗೋವೆ ಹಿಡಿಯಲು ಹೊನ್ನಾವರದ ತಿಮ್ಮಯ್ಯ ನೆರವಾದ. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳುತ್ತ, ಘಟ್ಟದಿಂದ ಇಳಿದು ಬರುವ ಮೆಣಸನ್ನು ಕೈಯಲ್ಲಿಟ್ಟುಕೊಂಡಿದ್ದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಮಠದ ಇಂತಿಂಥ ಕಂಬ ಶಿರಸಿ ಸೀಮೆಯ ಮೆಣಸಿನದ್ದು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಕಂಬಗಳಲ್ಲಿ ನಮ್ಮ ಕರಾವಳಿಯ ಪಾಲೇ ಇಲ್ಲ ಎನ್ನುವವರು ಲೆಕ್ಕಪುಸ್ತಕ ತಂದು ತೋರಿಸಲಿ.

ಅಪ್ಪಯ್ಯ ಸ್ವಲ್ಪ ಹೊತ್ತು ಕಮಾನು ನೋಡಿದರು. ಆಮೇಲೆ ತೂಕದ ಮಾತು ಹೇಳಿದರು: "ಮೆಣಸಿನ ಮೇಲೆ ಜಿಎಸ್‌ಟಿಯೂ ಶೇಕಡಾ ಐದೇ ಮಾರಾಯ. ಅದ್ರಲ್ಲಿ ಇಂಥದ್ದು ಎಲ್ಲಿ ಕಟ್ಟಿದಾರೆ, ತೋರ್ಸಿ."

ವಾಸ್ಕೊ ಡ ಗಾಮನ ಸಮಾಧಿ ಇದೇ ಚರ್ಚಿನ ಬಾಗಿಲ ಬದಿಗಿದೆ, ಎದುರಿಗೆ ಮಹಾಕವಿ ಕಮೋಯಿಷನದು. ಪ್ರವಾಸಿಯ ಕಷ್ಟ ಇಲ್ಲಿ ಇಮ್ಮಡಿಸುತ್ತದೆ. ಗಾಮ 1524ರಲ್ಲಿ ತೀರಿಕೊಂಡದ್ದು ಕೊಚ್ಚಿಯಲ್ಲಿ. ಅಲ್ಲಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಅವನ ಖಾಲಿ ಗೋರಿ ಇದೆ. ಎಲುಬು ಪೋರ್ಚುಗಲ್ಲಿಗೆ ಬಂದು, ವಿದಿಗೈರಾ ಎಂಬ ಊರಿನಲ್ಲಿ ಶತಮಾನಗಟ್ಟಲೆ ಇದ್ದು, 19ನೇ ಶತಮಾನದ ಕೊನೆಗೆ ಬೆಲೆಂ ಸೇರಿತು. ಊರಿನ ಇನ್ನೊಂದು ತುದಿಯ ರಾಷ್ಟ್ರೀಯ ಸ್ಮಾರಕ ಮಂದಿರದಲ್ಲಿ ಅವನದೇ ಇನ್ನೊಂದು ಸಾಂಕೇತಿಕ ಸಮಾಧಿ, ಕಮೋಯಿಷನದ್ದೂ. ಒಬ್ಬ ಮನುಷ್ಯನಿಗೆ ಮೂರು ಕಡೆ ಕೈಮುಗಿಯಬೇಕಾದರೆ ಏಕದಿನ ಪ್ರವಾಸಿ ಏನು ಮಾಡಬೇಕು? ಶಾಸ್ತ್ರದಲ್ಲಿ ಪ್ರತಿನಿಧಿ ವಿಧಿಯಿದೆ: ಕೊಚ್ಚಿಯದನ್ನು ನೋಡಿಬಂದ ಸಂಬಂಧಿಕರೊಬ್ಬರಿದ್ದರೆ ಸಾಕು. ಅಳಿಯನ ಚಿಕ್ಕಪ್ಪ ನೋಡಿದ್ದರು.

ಮಠದಿಂದ ನಾಲ್ಕು ಹೆಜ್ಜೆಗೆ, 1837ರಿಂದ ನಡೆಯುತ್ತಿರುವ ಮಿಠಾಯಿ ಅಂಗಡಿ. ಅಲ್ಲಿ ಸಿಗುವುದು ಪಾಸ್ತೆಲ್: ಗರಿಗರಿ ಹಿಟ್ಟಿನ ಬಟ್ಟಲೊಳಗೆ ಮೇಲ್ಮೈ ಅಲ್ಲಲ್ಲಿ ಕರಕಲಾದ ಮೊಟ್ಟೆಯ ಪಾಕ, ಮೇಲೆ ದಾಲ್ಚಿನ್ನಿಪುಡಿ. ಹಿಂದೆ ಪಾದ್ರಿಗಳ ನಿಲುವಂಗಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸಿ, ಉಳಿದ ಹಳದಿಯನ್ನು ಏನು ಮಾಡುವುದೆಂದು ತೋಚದೆ ಮಠಗಳಲ್ಲಿ ಇಂಥ ಸಿಹಿ ಹುಟ್ಟಿತು ಎನ್ನುತ್ತಾರೆ. 1834ರಲ್ಲಿ ಮಠಗಳನ್ನು ಸರ್ಕಾರ ಮುಚ್ಚಿಸಿದ ಮೇಲೆ ಪಾಕವಿಧಾನ ಅಂಗಡಿಗೆ ಬಂತು, ಗುಟ್ಟಾಗಿಯೇ ಉಳಿಯಿತು. ಮೊಟ್ಟೆಯೆಂದು ತಿಳಿದ ಅಪ್ಪಯ್ಯ ಕೈ ಹಿಂದೆಗೆದರು. ಆಯಿ ಉದ್ಯಾನದ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದರು. ಶಿರಸಿಯಿಂದ ಹೊರಡುವಾಗ ಕಾಗದದಷ್ಟು ತೆಳ್ಳಗಿನ ಇಡಿ ಹಾಳೆಗಳಾಗಿದ್ದ ತೊಡದೇವು ಮ್ಯೂನಿಕ್‌ನಲ್ಲಿ ಚೂರಾಗಿ, ಲಿಸ್ಬನ್ನಿಗೆ ಬರುವ ಹೊತ್ತಿಗೆ ಪುಡಿಯಾಗಿತ್ತು. ಅಂಗೈಯಲ್ಲಿ ಹಾಕಿಕೊಂಡು ಎಲ್ಲರೂ ಬಾಯಿಗೆ ಎಸೆದುಕೊಂಡರು. ಅಳಿಯ ಪಾಸ್ತೆಲ್‌ನ ಹಸಿರು ಚೌಕದಲ್ಲಿ ಇದನ್ನು ಹೇಗೆ ದಾಖಲಿಸುವುದೆಂದು ತಿಳಿಯದೆ ಚೌಕವನ್ನು ಹಾಗೇ ಬಿಟ್ಟ.

ಮಧ್ಯಾಹ್ನದ ಊಟದಲ್ಲಿ ನಡೆದ ಪ್ರಯೋಗವನ್ನೂ ಇಲ್ಲೇ ಹೇಳಬೇಕು. ಮೇಜಿನ ಮೇಲೆ ಮೆಣಸು ಪುಡಿಮಾಡುವ ಮರದ ಗಿರಣಿಯಿತ್ತು. ಅಪ್ಪಯ್ಯ ಅದರ ತಲೆ ತಿರುಪಿ ತೆಗೆದು, ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು, ಒಂದನ್ನು ಉಗುರಿನಿಂದ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿದರು. "ಹಳೇ ಮಾಲು. ಒಳಗೆ ಜೊಳ್ಳು." ಎಲ್ಲಿಯದು ಎಂದು ಮಗಳಿಂದ ಕೇಳಿಸಿದರು. ಬಡಿಸುವ ಹುಡುಗ ಅಡುಗೆಮನೆಗೆ ಹೋಗಿ ಪೊಟ್ಟಣ ನೋಡಿಕೊಂಡು ಬಂದ: ವಿಯೆಟ್ನಾಂ. ಅಪ್ಪಯ್ಯ ಕಾಳನ್ನು ತಟ್ಟೆಯ ಅಂಚಿಗೆ ಉಗುಳಿದರು. "ನಮ್ಮ ರೇಟು ಬೀಳ್ಸಿದ್ದೂ ಇವ್ರೇ." ಹಡಗು ಕಟ್ಟಿ, ಸಮುದ್ರ ಸುತ್ತಿ, ಕೋಟೆ ಕಟ್ಟಿ, ಮೆಣಸಿನ ದಾರಿ ತಮ್ಮದಾಗಿಸಿಕೊಳ್ಳಲು ಹೆಣಗಿದ ದೇಶದ ಮೇಜಿನ ಮೇಲಿನ ಆ ಕಾಳಿನ ಬಗ್ಗೆ ಹೆಚ್ಚಿನ ಸಂಶೋಧನೆ ಆಗಬೇಕಾಗಿದೆ. ಕೊಟ್ಟು ತೆಗೆದುಕೊಂಡ ಲೆಕ್ಕ ನೋಡಿದರೆ ನಾವು ಕಾಳುಮೆಣಸು ಕೊಟ್ಟೆವು, ಅವರು ಅಮೆರಿಕದಿಂದ ಮೆಣಸಿನಕಾಯಿ ತಂದರು. ಲಾಭ ಯಾರಿಗಾಯಿತೆಂಬುದನ್ನು ಬ್ಯಾಡಗಿಯವರು ತೀರ್ಮಾನಿಸಲಿ.

ಖಡ್ಗಮೃಗ ಪ್ರಕರಣ

ನೋಡದೆ ಬರೆಯಬಹುದೇ ಎಂಬ ಪ್ರಶ್ನೆ ಪ್ರವಾಸ ಸಾಹಿತ್ಯದಲ್ಲಿ ಹಳೆಯದು. ನೋಡಿದರೆ ಬರೆಯಲಾಗದು ಎಂಬುದೇ ಈ ಪ್ರಕರಣದ ಪ್ರತಿಜ್ಞೆ.

ಬೆಲೆಂ ಗೋಪುರ ನದೀಮುಖದಲ್ಲಿ 1514ರಿಂದ 1519ರವರೆಗೆ ಎದ್ದದ್ದು. ಅದರ ಒಂದು ಕಾವಲುಗೂಡಿನ ಬುಡದಲ್ಲಿ ಖಡ್ಗಮೃಗದ ತಲೆ ಕೆತ್ತಿದ್ದಾರೆ. ಆ ಪ್ರಾಣಿ ಬಂದದ್ದು ನಮ್ಮ ಕಡೆಯಿಂದ: ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಷಾ ಆಲ್ಬುಕರ್ಕನಿಗೆ ಕೊಟ್ಟದ್ದು, ಆಲ್ಬುಕರ್ಕ್ ಅದನ್ನು ಗೋವೆಯಿಂದ ಹಡಗು ಹತ್ತಿಸಿದ. 1515ರ ಮೇ 20ರಂದು ಲಿಸ್ಬನ್ನಿನಲ್ಲಿ ಇಳಿಯಿತು. ದೊರೆ ಮನುವೆಲ್ ಅದನ್ನು ಒಂದು ಆನೆಯ ಎದುರು ಕಾಳಗಕ್ಕೆ ನಿಲ್ಲಿಸಿದ, ಆನೆ ಓಡಿಹೋಯಿತು. ಆಮೇಲೆ ಪೋಪನಿಗೆ ಕಾಣಿಕೆಯೆಂದು ಕಳಿಸಿದಾಗ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಪ್ರಾಣಿ ಸತ್ತಿತು.

ಇತ್ತ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೂತ ಆಲ್ಬ್ರೆಕ್ಟ್ ಡ್ಯೂರರ್ ಲಿಸ್ಬನ್ನಿಗೂ ಬರಲಿಲ್ಲ, ಖಡ್ಗಮೃಗವನ್ನೂ ನೋಡಲಿಲ್ಲ. ಯಾರೋ ಕಳಿಸಿದ ವರ್ಣನೆ, ಒಂದು ಕರಡು ಚಿತ್ರ ಇಟ್ಟುಕೊಂಡು 1515ರಲ್ಲೇ ಮರದಚ್ಚಿನ ಚಿತ್ರ ಮಾಡಿದ. ಮೈಮೇಲೆ ರಕ್ಷಾಕವಚ ತೊಡಿಸಿದ, ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಕೂರಿಸಿದ. ಮುಂದಿನ ಎರಡು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನವರಿಗೆ ಖಡ್ಗಮೃಗವೆಂದರೆ ಅದೇ ಆಯಿತು. ಲಿಸ್ಬನ್ನಿನಲ್ಲಿ ಕಣ್ಣಾರೆ ನೋಡಿದವರು ಎಷ್ಟೋ ಜನ. ಅವರ ಚಿತ್ರ ಯಾರ ಗೋಡೆಯ ಮೇಲೂ ಇಲ್ಲ. ಗೋಪುರದ ಕೆತ್ತನೆಯಂತೂ ಗಾಳಿ ಮಳೆಗೆ ಸವೆದು ಮುಖ ಕಳೆದುಕೊಂಡಿದೆ. ಅದನ್ನು ಕೆಳಗಿನಿಂದ ತೋರಿಸುತ್ತ ಮಗಳು, "ಅಪ್ಪಯ್ಯ, ಅಲ್ಲಿ, ಖಡ್ಗಮೃಗ" ಎಂದಳು. ಅಪ್ಪಯ್ಯ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಹೌದೌದು" ಎಂದರು. ಅವರು ನೋಡುತ್ತಿದ್ದದ್ದು ಬೇರೆ ಮೂಲೆಯನ್ನು. ರಾತ್ರಿ ಊರಿಗೆ ಫೋನ್ ಮಾಡಿ ಅವರು ಖಡ್ಗಮೃಗವನ್ನು ವರ್ಣಿಸಿದ ರೀತಿ ಮಾತ್ರ ಡ್ಯೂರರನಿಗೆ ಯಾವ ವಿಧದಲ್ಲೂ ಕಡಿಮೆಯಿರಲಿಲ್ಲ.

ಪೂರ್ವಸೂರಿ ಸ್ಮರಣೆ

ಈ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬ ಉಲ್ಟಾ ದಿಕ್ಕಿನಲ್ಲಿ ಪ್ರಯಾಣ ಮಾಡಿದವನು. ಸುಮಾರು 1520ರಲ್ಲಿ ದೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ವಿಜಯನಗರಕ್ಕೆ ಬಂದ. ಕೃಷ್ಣದೇವರಾಯನ ಮೈಕಟ್ಟು, ಮುಖದ ಸಿಡುಬಿನ ಕಲೆ, ಮಹಾನವಮಿಯ ವೈಭವ, ಪೇಟೆಯ ಬೀದಿ, ಎಲ್ಲವನ್ನೂ ಬರೆದಿಟ್ಟ. ಊರು ರೋಮ್‌ನಷ್ಟು ದೊಡ್ಡದಾಗಿ ಕಂಡಿತೆಂದ. ಆದರೆ ಒಂದೇ ಕಡೆ ನಿಂತರೆ ಊರೆಲ್ಲ ಕಾಣುವುದಿಲ್ಲ, ಆದ್ದರಿಂದ ಅಳತೆ ಬರೆಯುವುದಿಲ್ಲ ಎಂದು ಹೇಳಿ, ಒಂದು ಗುಡ್ಡ ಹತ್ತಿ, ಕಂಡಷ್ಟನ್ನು ದಾಖಲಿಸಿದ. ಆ ಬರಹ ಪ್ಯಾರಿಸಿನ ಗ್ರಂಥಾಲಯದಲ್ಲಿ ಬಿದ್ದಿದ್ದು, 1897ರಲ್ಲಿ ದವಿದ್ ಲೊಪೆಸ್ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದರು. ನಮ್ಮ ರಾಯನ ಮುಖ ಹೇಗಿತ್ತೆಂದು ಇಷ್ಟು ಹತ್ತಿರದಿಂದ ನಮಗೆ ಹೇಳಿದವನು ಗುಡ್ಡ ಹತ್ತಿದ ಆ ಪ್ರವಾಸಿ.

ಸಂಜೆ ಸೆನ್ಯೋರಾ ದೊ ಮೊಂತೆ ದಿಬ್ಬದ ಮೇಲೆ, ಲಿಸ್ಬನ್ನಿನ ಕೆಂಪು ಹಂಚಿನ ಮಾಡುಗಳು, ಕೋಟೆ, ನದಿ, ಆಚೆಗೆ 1966ರ ತೂಗುಸೇತುವೆ ಎಲ್ಲ ಒಟ್ಟಿಗೆ ಕಾಣುವಲ್ಲಿ, ಅಪ್ಪಯ್ಯ ಪಾಯೆಸನ ಪರಂಪರೆ ಮುಂದುವರಿಸಿದರು. ಮೊದಲು ಹಂಚು ನೋಡಿದರು. ಮಳೆ ಎಷ್ಟು ಇಂಚು ಬೀಳುತ್ತದೆಂದು ವಿಚಾರಿಸಿದರು. ಇಳಿಜಾರನ್ನು ಕಣ್ಣಲ್ಲೇ ಅಳೆದು, ಮನೆಗಳ ನಡುವೆ ನೀರು ಹರಿಯಲು ಅಗಳ ಎಲ್ಲಿ ತೆಗೆಯಬೇಕಿತ್ತೆಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. "ಮೇಲಿನ ಮನೆಯವ್ರ ನೀರೆಲ್ಲ ಕೆಳಗಿನವ್ರ ಅಂಗಳಕ್ಕೇ ಬರ್ತದೆ, ನೋಡಿ. ದಿನಾ ಜಗಳ ಇರ್ತದೆ ಇಲ್ಲಿ." ಸುತ್ತ ನಿಂತ ನೂರಾರು ಮಂದಿಯಲ್ಲಿ ಊರನ್ನು ಊರಾಗಿ ನೋಡಿದ್ದು ಅವರೊಬ್ಬರೇ.

ಶೇಷ ಪ್ರಶ್ನೆಗಳು

ಸಂಪ್ರಬಂಧ ಮುಗಿಯಲಿಲ್ಲವೆಂದು ಮಾರ್ಗದರ್ಶಕರು ಆಕ್ಷೇಪಿಸಿದರೆ ಸಾಂತಾ ಎಂಗ್ರಾಸಿಯಾ ಚರ್ಚನ್ನು ತೋರಿಸಬಹುದು. 1682ರಲ್ಲಿ ಶುರುವಾದ ಕಟ್ಟಡ ಪೂರ್ತಿಯಾದದ್ದು 1966ರಲ್ಲಿ. ಮುಗಿಯದ ಕೆಲಸಕ್ಕೆಲ್ಲ ಲಿಸ್ಬನ್ನಿನವರು ಇವತ್ತಿಗೂ ಅದರ ಹೆಸರನ್ನೇ ಹೇಳುತ್ತಾರೆ. ಗಾಮನ ಸಾಂಕೇತಿಕ ಸಮಾಧಿ ಇರುವ ರಾಷ್ಟ್ರೀಯ ಸ್ಮಾರಕ ಮಂದಿರವೂ ಅದೇ. ನಮ್ಮವರು ಅದನ್ನು ಟ್ಯಾಕ್ಸಿಯ ಕಿಟಕಿಯಿಂದ ನೋಡಿದರು. ಗುಮ್ಮಟ ಇತ್ತು, ಅಷ್ಟು ಖಚಿತ.

ಫಾದೊ ಹಾಡಿನ ಮನೆಗೆ ಹೋಗುವ ಹೊತ್ತಿಗೆ ರಾತ್ರಿ ಒಂಬತ್ತು. ದೀಪ ಸಣ್ಣದು ಮಾಡಿದರು, ಮಾತು ನಿಲ್ಲಿಸಲು ಹೇಳಿದರು, ಹಾಡುಗಾರ್ತಿ ಕಪ್ಪು ಶಾಲು ಹೊದ್ದು ನಿಂತಳು. ಮೊದಲ ಹಾಡಿಗೇ ಅಪ್ಪಯ್ಯ ನಿದ್ದೆಹೋದರು. ಯಕ್ಷಗಾನದಲ್ಲಿ ಬೆಳಗಿನ ಜಾವದವರೆಗೂ ಎಚ್ಚರ ಕೂತವರು ಅವರು ಎಂದು ಆಯಿ ಪಕ್ಕದ ಮೇಜಿನ ಅಪರಿಚಿತರಿಗೆ ಕನ್ನಡದಲ್ಲೇ ಸಮಜಾಯಿಷಿ ಕೊಟ್ಟರು.

ಅಳಿಯ ಆಗಲೂ ಮೂಲಗ್ರಂಥ ನೋಡುತ್ತಿದ್ದ. ಒಂದು ಚೌಕ ಕೆಂಪಾಗಿಯೇ ಉಳಿದಿತ್ತು. ಕೋಟೆಯ ಹತ್ತಿರ ಇಳಿದುಬಿಟ್ಟದ್ದರಿಂದ 28ನೇ ಟ್ರಾಮಿನ ಪೂರ್ತಿ ದಾರಿ, ಪ್ರಜೆರೆಸ್‌ವರೆಗೆ, ಆಗಲೇ ಇಲ್ಲ. ಆ ಕೊನೆ ನಿಲ್ದಾಣದಿಂದ ಬೆಲೆಂಗೆ ಅದೇ ದಿನ ಹೋಗುವುದು ಸಾಧ್ಯವಿತ್ತೇ ಎಂದು ಸಂಶೋಧಕನನ್ನು ಪಿಸುಮಾತಿನಲ್ಲಿ ಕೇಳಿದ. ಇದಕ್ಕೆ ಆಕರ ಒಂದೇ ಇದೆ. ಪ್ರಜೆರೆಸ್‌ನಲ್ಲಿ ಟ್ರಾಮ್ ನಿಲ್ಲುವುದು ಸ್ಮಶಾನದ ಬಾಗಿಲಿನಲ್ಲಿ. 1935ರಲ್ಲಿ ಪೆಸೊವಾನನ್ನು ಹೂಳಿದ್ದು ಆ ಸ್ಮಶಾನದಲ್ಲೇ. ಅಲ್ಲಿಂದ ಅವನನ್ನು ಎತ್ತಿ ಜೆರೊನಿಮೋಸ್ ಮಠಕ್ಕೆ ತಂದದ್ದು 1985ರಲ್ಲಿ. ಐವತ್ತು ವರ್ಷ ಬೇಕಾಯಿತು. ಅದೂ ಸಾಲಿನಲ್ಲಿ ನಿಲ್ಲದೆ.